ಉಪ್ಪಿನಕಾಯಿಗೆ ತಂದ ಡಬ್ಬಿ

ಹೃಷೀಕೇಶ ಪ್ರೀತಿಯಿಂದ ತಂದ ಉಡುಗೊರೆಯನ್ನು ಸುಭಾಷಿಣಿ ಅವನ ಕಣ್ಣೆದುರೇ ಅಂಗಳದಲ್ಲಿಟ್ಟು, ಕತ್ತಿಯ ಮೊನೆಯಿಂದ ತೂತು ಮಾಡಿದಳು.

ಅದು ಕೀಟನಾಶಕದ ಖಾಲಿ ಡಬ್ಬಿ. ನೀಲಿ ಬಣ್ಣ, ಗಟ್ಟಿ ಮುಚ್ಚಳ. ಅದೇ ಕೀಟನಾಶಕ ಕಂಪೆನಿಯ ಸೇಲ್ಸ್‌ಮ್ಯಾನ್ ಆದ ಅವನು ಅದನ್ನು ಸೋಪು ಹಾಕಿ ತೊಳೆದು, ಉಡುಪಿಯಿಂದ ಮಟ್ಟುವಿಗೆ ಸ್ಕೂಟರಿನಲ್ಲಿ ತಂದಿದ್ದ. ಗುಳ್ಳ ಬದನೆ ಬೆಳೆಯುವ ಈ ಊರಿನ ಹೆಂಗಸರಿಗೆ ಅಂಥ ಡಬ್ಬಿಯೆಂದರೆ ಪ್ರಾಣ. ಸುಭಾಷಿಣಿಯನ್ನು ಮದುವೆಗೆ ಕೇಳುವ ಮೊದಲು ಅವಳ ತಾಯಿಯನ್ನು ಒಲಿಸಿಕೊಳ್ಳೋಣವೆಂದು ಬಡಪಾಯಿಯ ಲೆಕ್ಕಾಚಾರ.

"ಅಮ್ಮನಿಗೆ ಉಪ್ಪಿನಕಾಯಿ ಹಾಕಲಿಕ್ಕೆ ಆಗ್ತದೆ ಅಂತ..."

"ವಿಷದ ಡಬ್ಬಿಯಲ್ಲಿ ಉಪ್ಪಿನಕಾಯಿಯಾ? ನೀವು ಅಳಿಯ ಆಗಲಿಕ್ಕೆ ಬಂದದ್ದೋ, ಅತ್ತೆಯನ್ನು ಮೇಲೆ ಕಳಿಸಲಿಕ್ಕೆ ಬಂದದ್ದೋ?"

ಅಳಿಯ ಎಂಬ ಮಾತು ಬಾಯಿತಪ್ಪಿ ಬಂದಿತ್ತು. ಕಾಪು ಹೈಸ್ಕೂಲಿನ ಸೈನ್ಸ್ ಟೀಚರ್ ಸುಭಾಷಿಣಿಯ ಕೆನ್ನೆ ಕೆಂಪಾಯಿತು. ಅವನು ನಗಲು ಹೋಗಿ, ಅವಳ ಕೈಯ ಕತ್ತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಚೆನ್ನಾಗಿ ತೊಳೆದಿದ್ದೇನೆ."

"ತೊಳೆದರೆ ಹೋಗುವುದಿಲ್ಲ ಮಾರಾಯ್ರೇ. ಕಳೆದ ವರ್ಷ, ಎಂಬತ್ತೈದರಲ್ಲಿ, ರೋಮಿನಲ್ಲಿ ದೇಶದೇಶದವರು ಸೇರಿ ನಿಯಮ ಮಾಡಿದ್ದಾರೆ. ಇಂಥ ಡಬ್ಬಿ ಯಾರೂ ಮತ್ತೆ ಬಳಸಬಾರದು. ಎಚ್ಚರಿಕೆ ಊರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನಿಮ್ಮದರಲ್ಲಿ ಕನ್ನಡ ಎಲ್ಲಿ ಉಂಟು?"

ಒಂದಕ್ಷರವೂ ಇರಲಿಲ್ಲ.

"ಕಡ್ಡಾಯ ಅಲ್ಲ," ಎಂದು ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಮನಸ್ಸಿದ್ದವರು ಪಾಲಿಸಬೇಕು. ಈ ಡಬ್ಬಿ ಹಂಚುವವರ ಮನೆಗೆ ಮಾತ್ರ ನಾನು ಬರುವುದಿಲ್ಲ."

ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು. ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಮಟ್ಟುವಿನ ಶಾಲೆಯಲ್ಲಿ ಬೆಳೆಗಾರರ ಮೀಟಿಂಗ್. ಬೆಂಗಳೂರಿನಿಂದ ಬಂದ ಮ್ಯಾನೇಜರರ ಹಿಂದೆ ಖಾಲಿ ನೀಲಿ ಡಬ್ಬಿಗಳ ರಾಶಿ. ಔಷಧ ಬುಕ್ ಮಾಡಿದವರಿಗೆಲ್ಲ ಡಬ್ಬಿ ಫ್ರೀ ಎಂದು ಹೃಷೀಕೇಶ ಸಾರಬೇಕಿತ್ತು. ಹಿಂದಿನ ಬೆಂಚಿನಲ್ಲಿ ಸುಭಾಷಿಣಿ ಕುಳಿತಿದ್ದಳು. ಅವನು ಎದ್ದು ನಿಂತ.

"ಈ ಡಬ್ಬಿಯಲ್ಲಿ ತಿನ್ನುವ ವಸ್ತು ಯಾರೂ ಹಾಕಬೇಡಿ. ಹಿಂದೆ ಕೊಟ್ಟದ್ದನ್ನೂ ವಾಪಸ್ ತನ್ನಿ. ಕನ್ನಡದಲ್ಲಿ ಎಚ್ಚರಿಕೆ ಬರುವವರೆಗೆ ನಾನು ಈ ಔಷಧ ಮಾರುವುದಿಲ್ಲ."

ಮ್ಯಾನೇಜರ್ ಹೌಹಾರಿದರು. "ಅದೆಲ್ಲ ಕಡ್ಡಾಯ ಅಲ್ಲ ಕಣ್ರೀ! ಕೆಲಸ ಬೇಡ್ವೇನ್ರೀ ನಿಮಗೆ?"

"ಕಡ್ಡಾಯ ಅಲ್ಲ ಸರ್. ಅದಕ್ಕೇ ನಾವಾಗಿಯೇ ಮಾಡಬೇಕು."

ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗುಳ್ಳ ಬೆಳೆಯುವ ಕುಶಲಾ ಸೆರಗು ಬಿಗಿದು ಎದ್ದರು. "ನನ್ನ ಮೊಮ್ಮಕ್ಕಳು ಅದರಲ್ಲಿಟ್ಟ ಬೆಲ್ಲ ತಿಂತಾರೆ ಸ್ವಾಮಿ. ಇವರು ಹೇಳಿದ ಹಾಗೆ ಮಾಡುವುದಾದರೆ ಮಾಡಿ. ಇಲ್ಲದಿದ್ದರೆ ನಿಮ್ಮ ಔಷಧವೂ ಬೇಡ, ಎಂತದೂ ಬೇಡ."

ಹೆಂಗಸರೆಲ್ಲ ಎದ್ದರು. ಅವರ ಹಿಂದೆ ಗಂಡಸರೂ ಎದ್ದರು. ಇಡೀ ಸೀಸನ್ನಿನ ವ್ಯಾಪಾರ ಬಾಗಿಲು ದಾಟುತ್ತಿರುವುದನ್ನು ಕಂಡು ಮ್ಯಾನೇಜರ್ ಬೆವರೊರೆಸಿಕೊಂಡರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ಕನ್ನಡದಲ್ಲೇ ಹಾಕಿಸ್ತೀವಿ. ಹಳೇ ಡಬ್ಬಿ ಕಂಪೆನಿನೇ ವಾಪಸ್ ತಗೊಳ್ಳುತ್ತೆ. ಇವರೇ ನೋಡ್ಕೋತಾರೆ, ಆಯ್ತಾ?"

ಚಪ್ಪಾಳೆಗೆ ಶಾಲೆಯ ಹೆಂಚು ಹಾರಿಹೋಗುವಂತಾಯಿತು. ಮೀಟಿಂಗ್ ಮುಗಿದು ಹೃಷೀಕೇಶ ಹೊರಗೆ ಬಂದ.

ಶಾಲೆಯ ಜಗಲಿಯಲ್ಲಿ ಸುಭಾಷಿಣಿ ಕಾಯುತ್ತಿದ್ದಳು.

"ಕೆಲಸ ಹೋಗಿದ್ದರೆ ಎಂತ ಮಾಡ್ತಿದ್ರಿ?"

"ಗುಳ್ಳ ಬೆಳೆಸುತ್ತಿದ್ದೆ. ನಿಮ್ಮ ಗದ್ದೆಯ ಪಕ್ಕದಲ್ಲಿ."

"ಪಕ್ಕದಲ್ಲಿ ಯಾಕೆ? ನಮ್ಮದರಲ್ಲೇ ಜಾಗ ಉಂಟಲ್ವಾ?"

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಇಡೀ ಮಟ್ಟು ನೋಡುತ್ತಿದ್ದಂತೆ, ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.