ಗಾಡಿ ಬಾರದ ನಾಲ್ಕನೇ ದಿನ

“ಅಪ್ಪಾ, ಚೀಲ ಎಲ್ಲಿ?”

ಪದ್ಮ ಕೇಳಿದ್ದು ಅಷ್ಟೇ. ಸ್ಟೇಷನ್ನಿನ ಹೊರಗಿನ ಬೆಂಚಿಗೆ ಒರಗಿದ್ದ ನಂಜುಂಡಯ್ಯನವರು ಗಾಬರಿಯಿಂದ ಕಣ್ಣು ಬಿಟ್ಟು ಪಕ್ಕಕ್ಕೆ ಕೈಯಾಡಿಸಿದರು. ಕೊಡೆ ಇತ್ತು. ಬುತ್ತಿಯ ಡಬ್ಬಿ ಇತ್ತು. ನೀಲಿ ರೆಕ್ಸಿನ್ ಚೀಲ ಮಾತ್ರ ಇರಲಿಲ್ಲ!

“ಇಲ್ಲೇ ಇಟ್ಕೊಂಡಿದ್ದೆನಲ್ಲಮ್ಮ... ಐದೇ ನಿಮಿಷ ಕಣ್ಣು ಹತ್ತಿತು—”

ಪಾಂಡವಪುರ ರೈಲ್ವೆ ಸ್ಟೇಷನ್ನು ಬಿಕೋ ಎನ್ನುತ್ತಿತ್ತು. ತೊಂಬತ್ತರ ದಶಕದ ಒಂದು ಆಷಾಢ. ರೈಲು ನೌಕರರ ಮುಷ್ಕರ ಶುರುವಾಗಿ ಅವತ್ತಿಗೆ ನಾಲ್ಕನೇ ದಿನ. ಹೊಂಗೆ ಮರದಡಿ ಮುಷ್ಕರ ಕೂತವರಲ್ಲಿ ಕೀಮ್ಯಾನ್ ಕರಿಯಯ್ಯನೂ ಒಬ್ಬ. ಇಪ್ಪತ್ತೆಂಟು ವರ್ಷ ಹೆಗಲ ಮೇಲೆ ಸುತ್ತಿಗೆ ಹೊತ್ತು, ಹಳಿಯ ಕೀಲಿಗಳನ್ನು ಬಡಿದು ಬಿಗಿ ಮಾಡುತ್ತ ನಡೆದ ಆಸಾಮಿ. ಕೂತು ಕೂತು ಅವನ ಕಾಲು ಜೋಮು ಹಿಡಿದಿತ್ತು. ಹುಡುಗಿಯ ದನಿ ಕೇಳಿದ್ದೇ ಎದ್ದು ಬಂದ.

“ಏನಿತ್ತವ್ವಾ ಚೀಲ್ದಲ್ಲಿ?”

“ನನ್ನ ಸರ್ಟಿಫಿಕೇಟುಗಳು. ಎಲ್ಲಾ ಅಸಲು. ನಾಳೆ ಹತ್ತು ಗಂಟೆಗೆ ಧಾರವಾಡದಲ್ಲಿ ಸಂದರ್ಶನ, ಸಂಸ್ಕೃತ ಉಪನ್ಯಾಸಕಿ ಕೆಲಸಕ್ಕೆ. ಅಸಲು ತೋರಿಸದಿದ್ರೆ ಒಳಗೇ ಬಿಡಲ್ಲ!”

ಮುಷ್ಕರ ನ್ಯಾಯದ್ದು, ಅದರಲ್ಲಿ ಕರಿಯಯ್ಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಇಂಥವಳ ಹೊಟ್ಟೆ ಮೇಲೆ ಹೊಡೆಯಲು ಅವನೇನು ಬಾವುಟ ಹಿಡಿದಿದ್ದನೆ? ಹನ್ನೆರಡರ ಗಾಡಿಯೊಂದನ್ನು ಹೇಗಾದರೂ ಬಿಡ್ತಾರಂತೆ ಎಂಬ ಗಾಳಿಮಾತು ನಂಬಿ ಅಪ್ಪ ಮಗಳು ಮೇಲುಕೋಟೆಯಿಂದ ಬಂದಿದ್ದರು. ಗಾಡಿ ಬರಲಿಲ್ಲ. ಆಗ ಬೇರೆ ದಾರಿ ಹಾಕಿಕೊಟ್ಟವನೂ ಕರಿಯಯ್ಯನೇ. ಇಲ್ಲಿಂದ ಆಟೋದಲ್ಲಿ ಕೆ.ಆರ್. ಪೇಟೆ, ನಾಲ್ಕು ಗಂಟೆಗೆ ಅಲ್ಲಿ ಅರಸೀಕೆರೆ ಬಸ್ಸು, ಕಿಕ್ಕೇರಿ, ಚನ್ನರಾಯಪಟ್ಟಣ ದಾಟಿ ಅರಸೀಕೆರೆ, ಅಲ್ಲಿಂದ ಧಾರವಾಡಕ್ಕೆ ರಾತ್ರಿ ಬಸ್ಸು. ನಾಲ್ಕರದ್ದು ತಪ್ಪಿದರೆ ಎಲ್ಲವೂ ತಪ್ಪಿದಂತೆ. ಈಗ ಗಂಟೆ ಎರಡು. ಅರ್ಧ ಗಂಟೆಯೊಳಗೆ ಚೀಲ ಸಿಕ್ಕಿ ಆಟೋ ಹೊರಡಬೇಕಿತ್ತು.

ಬಂದೋಬಸ್ತಿಗೆಂದು ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ ಮೀಸೆ ತಿರುವುತ್ತ ಬಂದ. ನಾಲ್ಕು ದಿನದಿಂದ ನೊಣ ಹೊಡೆಯುತ್ತಿದ್ದವನಿಗೆ ಒಂದು ಕೇಸು ಸಿಕ್ಕಿತ್ತು!

“ನೀವೆಲ್ಲಿದ್ರಿ ತಾಯಿ?”

“ಫೋನ್ ಬೂತಿಗೆ ಹೋಗಿದ್ದೆ. ಧಾರವಾಡದ ಲೈನೇ ಸಿಗಲಿಲ್ಲ. ಬರೋಷ್ಟರಲ್ಲಿ ಹೀಗಾಗಿದೆ.”

“ಬೆಂಚಿನ ತಾವ ಯಾರ್ ಬಂದಿದ್ರು?”

“ನಾನ್ ಬಂದಿದ್ದೆ ಸಾ,” ಎಂದ ಆಟೋ ಮುದ್ದಯ್ಯ, ಮರೆಮಾಚದೆ. “ಕರಿಯಣ್ಣ ಯೋಳ್ ಕಳ್ಸಿದ್ದ. ಬಂದು ನೋಡುದ್ರೆ ಅಯ್ನೋರು ನಿದ್ದೆ ಹೊಡೀತಾವ್ರೆ. ಎಬ್ಬುಸ್ಬಾರ್ದು ಅಂತ ಒಂಟೋದೆ.”

“ಚೀಲ ಇತ್ತಾ?”

“ನೋಡ್ಲಿಲ್ವಲ್ಲ ಸಾ!”

“ನೋಡ್ಲಿಲ್ವಾ? ಸಿಕ್ಕಾಕಂಡೆ ಕಣ್ಲಾ ಮಗನೆ!” ಚಿಕ್ಕಸ್ವಾಮಿ ಅವನ ಕಾಲರಿಗೆ ಕೈ ಹಾಕಿಯೇಬಿಟ್ಟ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಧರ್ಮೇಂದ್ರ ಏದುಸಿರು ಬಿಡುತ್ತ ಬಂದ. ಪದ್ಮಳ ಹಳೆಯ ಸಹಪಾಠಿ, ನಾಳೆಯ ಸಂದರ್ಶನಕ್ಕೆ ಅವನಿಗೂ ಕರೆ ಬಂದಿತ್ತು. ಪಾಂಡವಪುರದಲ್ಲಿ ರೂಮು ಮಾಡಿಕೊಂಡು ದಿನಾ ರೈಲು ಪಾಸಿನಲ್ಲಿ ಮೈಸೂರಿಗೆ ಪಾಠ ಹೇಳಲು ಹೋಗಿ ಬರುವವನು. ಸ್ಟೇಷನ್ನಿನ ನಾಯಿಗೂ ಗುರುತಿದ್ದ ಮುಖ. ಬ್ರೀಫ್‌ಕೇಸನ್ನು ಎದೆಗೆ ಅವುಚಿಕೊಂಡಿದ್ದ.

“ಊರಿಗೆ ಹೋಗಿದ್ದೆ, ದೇವಲಾಪುರದಿಂದ ಈಗ ಬರ್ತಿದ್ದೀನಿ. ನಾಗಮಂಗಲದಲ್ಲಿ ಬಸ್ಸು ಕೆಟ್ಟು ನಿಂತಿತು. ಏನಾಯ್ತು ಪದ್ಮ?”

ಅವಳು ಹೇಳಿದಳು. ಧರ್ಮೇಂದ್ರ ತಲೆಯ ಮೇಲೆ ಕೈ ಹೊತ್ತುಕೊಂಡ. ಬ್ರೀಫ್‌ಕೇಸು ಪಕ್ಕಕ್ಕೆ ಸರಿಯಿತು.

“ಏನ್ ಸಾರ್, ಬಿಳೀ ಅಂಗಿಗೆ ಕೆಂಪು ಬಳ್ಕಂಡಿದ್ದೀರಿ?” ಎಂದ ಚಿಕ್ಕಸ್ವಾಮಿ.

“ಬಸ್ಸಿನ ಕಿಟಕಿ ಕಂಬಿ. ತುಕ್ಕು. ರೈಲಿಲ್ಲ ಅಂತ ಎಲ್ಲಾ ಬಸ್ಸಿಗೇ ನುಗ್ಗಿದ್ದಾರೆ, ಹಾಕಿ ಒತ್ತಿಬಿಟ್ರು.”

“ಅಯ್ಯೋ, ಅದುನ್ನ ಕೇಳ್ಬೇಡಿ,” ಎಂದು ಚಿಕ್ಕಸ್ವಾಮಿ ಮತ್ತೆ ಮುದ್ದಯ್ಯನ ಕಡೆ ತಿರುಗಿದ.

ಕರಿಯಯ್ಯ ಮಾತ್ರ ಆ ಅಂಗಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ತನ್ನ ಹಳಿಗಳತ್ತ ನೋಡಿದ. ಬೆಳಿಗ್ಗೆಯ ಜಿನುಗು ಮಳೆಗೆ ಒದ್ದೆಯಾಗಿ, ಚಕ್ರ ಸೋಕದೆ ನಾಲ್ಕು ದಿನ ಕಳೆದ ಹಳಿ ಕೆಂಪಗೆ ಮಲಗಿತ್ತು.

“ಪದ್ಮ,” ಧರ್ಮೇಂದ್ರ ಮೆಲ್ಲಗೆ ಹೇಳಿದ, “ನಾನಾದ್ರೂ ಹೋಗ್ತೀನಿ. ನಿಮಗೆ ಇನ್ನೊಂದು ದಿನ ಕೊಡಿ ಅಂತ ಅವರನ್ನ ಕೇಳಿ ನೋಡ್ತೀನಿ.”

“ವಸಿ ನಿಂತ್ಕಳಿ ಮೇಷ್ಟ್ರೇ,” ಎಂದ ಕರಿಯಯ್ಯ. “ಬಸ್ಸಿಳಿದು ಸೀದಾ ಬಂದ್ರಾ?”

“ಸೀದಾ ಇಲ್ಲಿಗೇ.”

“ಪ್ಲಾಟ್‌ಫಾರಂ ಕಡೀಕೆ ವೋಗ್ಲಿಲ್ವಾ?”

“ಇಲ್ಲ.”

“ಹಳಿ ದಾಟ್ಲಿಲ್ವಾ?”

“ಇಲ್ಲ ಅಂದೆನಲ್ಲ! ನೀನೇನು ಪೊಲೀಸಾ?”

“ಅಲ್ಲ, ಕೀಮ್ಯಾನು,” ಎನ್ನುತ್ತ ಕರಿಯಯ್ಯ ಮುಂದೆ ಬಂದು, ಅಂಗಿಯ ಮೇಲಿನ ಕೆಂಪು ಪಟ್ಟೆಗೆ ತನ್ನ ಒರಟು ಬೆರಳುಗಳನ್ನು ಜೋಡಿಸಿದ. “ಒಂದು, ಎರಡು, ಮೂರು, ನಾಕು. ಬಸ್ಸಿನ ಕಂಬಿ ಬೆರಳ ದಪ್ಪ ಇರ್ತದೆ ಸಾಮಿ. ನಾಕು ಬೆರಳಗಲ ಇರಾದು ಒಂದೇ— ನಮ್ಮ ಹಳಿಯ ತಲೆ!”

ಧರ್ಮೇಂದ್ರ ಎರಡು ಹೆಜ್ಜೆ ಹಿಂದೆ ಸರಿದ. ಕರಿಯಯ್ಯ ಯಾರ ಅಪ್ಪಣೆಗೂ ಕಾಯದೆ ಪ್ಲಾಟ್‌ಫಾರಂ ತುದಿಗೆ ಹೋದ. ಅಲ್ಲಿ ಹಳಿಯ ಕೆಳಗೊಂದು ಸಣ್ಣ ಮೋರಿ. ಹಳಿಗೆ ಅಡ್ಡಬಿದ್ದು ತೋಳುದ್ದ ಕೈ ಇಳಿಸಿದ. ಎದ್ದಾಗ ಕೈಯಲ್ಲಿ ನೀಲಿ ಚೀಲ! ಅವನ ಅಂಗಿಯ ಮೇಲೂ ಅಂಥದ್ದೇ ಒಂದು ಪಟ್ಟೆ.

ಪದ್ಮ ಓಡಿಹೋಗಿ ಚೀಲ ಬಿಚ್ಚಿದಳು. ಎಲ್ಲವೂ ಇತ್ತು, ಒಂದೂ ನೆನೆದಿರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

“ಕದ್ದೋರು ಇವ್ರೇ,” ಎಂದ ಕರಿಯಯ್ಯ. “ಆ ಮೋರಿಗೆ ಕೈ ಹಾಕ್ಬೇಕಂದ್ರೆ ಹಳಿ ಮ್ಯಾಲೆ ಬೋರಲು ಮಲಗ್ಲೇಬೇಕು, ಬ್ಯಾರೆ ದಾರಿ ಇಲ್ಲ. ಮೇಷ್ಟ್ರು ಗಾಡಿ ಕಾಯ್ತಾ ದಿನಾ ಹಳಿ ಮ್ಯಾಲೇ ಕುಂತು ಪೇಪರ್ ಓದೋರು. ನಾನೇ ಎಷ್ಟು ಕಿತ ಬೈದಿದ್ದೀನಿ! ಒಂದಿನಾನಾದ್ರೂ ಬಟ್ಟೆ ಕೆಂಪಾಗಿತ್ತಾ? ಇಲ್ಲ. ಚಕ್ರ ಉಜ್ಜಿ ಉಜ್ಜಿ ಹಳಿ ಕನ್ನಡಿ ಥರ ಇರ್ತಿತ್ತು. ಇವತ್ತೂ ಅಂಗೇ ಇರ್ತದೆ ಅಂದ್ಕಂಡ್ರು. ನಾಕು ದಿನ ಗಾಡಿ ಓಡ್ದಿದ್ರೆ ಹಳಿಗೆ ಏನಾಯ್ತದೆ ಅಂತ ಅವ್ರಿಗೆಂಗೆ ಗೊತ್ತಾಗ್ಬೇಕು?”

ಧರ್ಮೇಂದ್ರ ಬೆಂಚಿನ ಮೇಲೆ ಕುಸಿದ. “ಏಳು ವರ್ಷ... ಏಳು ವರ್ಷದಿಂದ ಗೆಸ್ಟು ಲೆಕ್ಚರರು. ಇರೋದು ಒಂದೇ ಹುದ್ದೆ. ಪದ್ಮ ಬಂದರೆ ನನಗೆಲ್ಲಿ ಸಿಗುತ್ತೆ? ಆಮೇಲೆ ಪೋಸ್ಟಿನಲ್ಲಿ ಕಳಿಸಿಬಿಡೋಣ ಅಂತಿದ್ದೆ. ನಾಚಿಕೆಯಾಗುತ್ತೆ ನನಗೆ.”

ಚಿಕ್ಕಸ್ವಾಮಿ ಮುದ್ದಯ್ಯನ ಕಾಲರು ಬಿಟ್ಟು ಅದನ್ನೊಂದು ಸಲ ಒರೆಸಿ, ಗತ್ತಿನಿಂದ ಪುಸ್ತಕ ತೆಗೆದ. “ಕಂಪ್ಲೇಂಟು ಕೊಡಿ ತಾಯಿ. ಚೀಲ ಜಪ್ತಿ ಮಾಡಿ ಕೋರ್ಟಿಗೆ ಹಾಜರು ಮಾಡ್ತೀನಿ.”

“ಜಪ್ತಿನಾ? ಚೀಲ ಕೊಟ್ಟು ನಾನೇನು ಬರಿಗೈಲಿ ಧಾರವಾಡಕ್ಕೆ ಹೋಗ್ಲಾ?” ಪದ್ಮ ಕಣ್ಣೊರೆಸಿಕೊಂಡು ಚೀಲವನ್ನು ಹೆಗಲಿಗೆ ಹಾಕಿದಳು. “ಕಂಪ್ಲೇಂಟೂ ಬೇಡ, ಏನೂ ಬೇಡ. ಧರ್ಮೇಂದ್ರ, ಏಳಿ. ಆಟೋ ಹತ್ತಿ.”

“ನಾನಾ?”

“ನೀವೇ. ನನಗೆ ನಿಮ್ಮ ಮೇಲೆ ಕೆಟ್ಟ ಕೋಪ ಇದೆ, ಇವತ್ತಿಗೆ ಹೋಗಲ್ಲ ಅದು. ಆದರೆ ಎದುರಾಳಿಯೇ ಬಾರದ ವಾದಸಭೆಯಲ್ಲಿ ಗೆದ್ದೆ ಅಂತ ನಮ್ಮ ಮೇಲುಕೋಟೆಯಲ್ಲಿ ಯಾರೂ ಹೇಳ್ಕೊಳ್ಳಲ್ಲ. ನಾಳೆ ಹತ್ತು ಗಂಟೆಗೆ ನಿಮ್ಮ ಎದುರಿಗೇ ಸೋಲಿಸ್ತೀನಿ.”

ನಂಜುಂಡಯ್ಯನವರು ಮಗಳ ಮುಖವನ್ನೇ ನೋಡಿದರು. ಬೇಡ ಎನ್ನಲಿಲ್ಲ. ಕೊಡೆ, ಬುತ್ತಿಯ ಡಬ್ಬಿ ಎತ್ತಿಕೊಂಡು ಹೆಮ್ಮೆಯಿಂದ ಆಟೋ ಕಡೆ ನಡೆದರು.

ಧರ್ಮೇಂದ್ರ ತಲೆ ತಗ್ಗಿಸಿಕೊಂಡು ಎದ್ದ. ಹಿಂದಿನ ಸೀಟಿಗೆ ಹತ್ತಲು ಹೋದವನನ್ನು ಮುದ್ದಯ್ಯ ತಡೆದ.

“ನೀವು ಮುಂದ್ಗಡೆ ಬನ್ನಿ ಸಾ, ನನ್ ಪಕ್ಕುಕ್ಕೆ. ಕೆ.ಆರ್. ಪ್ಯಾಟೆಗಂಟ ನನ್ಗೂ ನಿಮ್ಗೂ ವಸಿ ಮಾತಿದೆ.”

ಎರಡು ಇಪ್ಪತ್ತೇಳಕ್ಕೆ ಆಟೋ ಹೊರಟಿತು. ಅದು ತಿರುವು ದಾಟುವವರೆಗೂ ನಿಂತಿದ್ದು ಕರಿಯಯ್ಯ ಹೊಂಗೆ ಮರದಡಿಗೆ ಮರಳಿದ. ಜೊತೆಗಾರ ಕೆಂಪಣ್ಣ ಜರುಗಿ ಜಾಗ ಕೊಟ್ಟ.

“ಕೆಲ್ಸ ಸಿಕ್ತದಾಣ್ಣ ಆ ವುಡ್ಗೀಗೆ?”

“ಏನ್ಲಾ ಇಂಗ್ ಕೇಳ್ತೀಯ?” ಕರಿಯಯ್ಯ ನಾಲ್ಕು ದಿನದಲ್ಲಿ ಮೊದಲ ಸಲ ಜೋರಾಗಿ ನಕ್ಕ. “ಕದ್ದೋನ್ನೂ ಜತೇಲಿ ಕೂರುಸ್ಕಂಡು ವೊಂಟವ್ಳೆ ಕಣ್ಲಾ. ಸಿಗ್ದೆ ಎಲ್ಗೋದದು!”