ಹಾಡಿಗೆ ಮುಂಚಿನ ಎರಡು ನಿಮಿಷ

ಹಾಡು ಇತ್ತು. ಹಾಡಿಗೆ ಮುಂಚಿನ ಮಾತು ಇರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತೂವರೆ. ರೇಡಿಯೋ ನಿಲಯದ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳ ಕೋಣೆ. ಅವುಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಳ್ಳುವಾಕೆಯನ್ನು ನಾವು ಭಂಡಾರಿ ಎನ್ನುತ್ತೇವೆ. ಆಕೆ ಡಬ್ಬಿ ತೆರೆದು ಸುರುಳಿಯನ್ನು ಯಂತ್ರದ ಮೇಲಿಟ್ಟಳು, ಪೂರ್ತಿ ಟೇಪನ್ನು ಮೊದಲು ಇನ್ನೊಂದು ಚಕ್ರಕ್ಕೆ ಸುತ್ತಿಕೊಂಡಳು. ನಾವು ಕಾದೆವು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಇಷ್ಟೆಲ್ಲ ಗಾಣ ತಿರುಗಿಸೋದು ಯಾಕೆ ಎಂದು ನಿಲಯದ ಮುಖ್ಯಸ್ಥ ಗೊಣಗಿದ. ಕೊನೆಗೆ ಟೇಪು ಓಡಿತು. ಟಕ್, ಟಕ್, ಟಕ್ — ಡ್ರಮ್ಮಿನ ಒಂಬತ್ತು ಪೆಟ್ಟು. ಆಮೇಲೆ ಗಿಟಾರು. ಆಮೇಲೆ ಆ ದನಿ.

ಭಂಡಾರಿ ಯಂತ್ರ ನಿಲ್ಲಿಸಿದಳು. "ಹೋದ ವಾರ ಈ ಕಿವೀಲೇ ಕೇಳಿದ್ದೀನಿ. ಎರಡು ನಿಮಿಷದ ಮಾತು ಇತ್ತು. ಎಲ್ಹೋಯ್ತು?"

ಆ ಹಾಡು ಯಾರಿಗೆ ಗೊತ್ತಿಲ್ಲ? ತೆಗೆ ಬಾಗಿಲು, ಒಂದೇ ಒಂದು ಸಲ — ನಲವತ್ತೊಂದು ವರ್ಷದಿಂದ ಕಾಲೇಜು ವೇದಿಕೆಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಜನರನ್ನು ಕುಣಿಸುತ್ತ ಬಂದಿದೆ. ಪ್ರೇಯಸಿಯ ಮನೆಯ ಮುಂದೆ ನಿಂತವನ ಮೊರೆಯಂತೆ. ಒಂಬತ್ತು ಪೆಟ್ಟು ಅವನ ಎದೆಬಡಿತವಂತೆ. ಗಾಯಕ ಪ್ರತಿ ಸಂದರ್ಶನದಲ್ಲೂ ಆ ಹುಡುಗಿಯ ಕಥೆ ಹೇಳುತ್ತಾನೆ. ಪ್ರತಿ ಸಂದರ್ಶನದಲ್ಲೂ ಅವಳ ಕಣ್ಣಿನ ಬಣ್ಣ ಬದಲಾಗುತ್ತದೆ.

ಹುಡುಗಿಯೂ ಇಲ್ಲ, ಪ್ರೇಮವೂ ಇಲ್ಲ. ಆ ಬಾಗಿಲು ಹತ್ತಿ ಗಿರಣಿಯದು. ಹೆಂಗಸರು ಸೀರೆಯೊಳಗೆ ನೂಲು ಕದ್ದೊಯ್ಯುತ್ತಾರೆಂದು ಪಾಳಿ ಮುಗಿಯುವವರೆಗೆ ಹೊರಗಿನಿಂದ ಬೀಗ. ಒಂದು ಮಧ್ಯಾಹ್ನ ಬೆಂಕಿ ಬಿತ್ತು. ಗಿರಣಿಯ ಪ್ರಕಾರ ಸತ್ತವರು ಇಬ್ಬರು, ಏಕೆಂದರೆ ಹಾಜರಿ ಪುಸ್ತಕದಲ್ಲಿದ್ದವರು ಇಬ್ಬರೇ. ಉಳಿದ ಏಳು ಮಂದಿಯ ಬೆವರು ಬೇಕಿತ್ತು, ಹೆಸರು ಬೇಕಿರಲಿಲ್ಲ. ಬಾಗಿಲಿನ ಈಚೆ ನಿಂತು ಬಡಿತ ಕೇಳಿಸಿಕೊಂಡ ನೂಲುವವಳೊಬ್ಬಳು ಆ ಹಾಡು ಬರೆದಳು. ಪೆಟ್ಟುಗಳು ಒಂಬತ್ತೇ ಇರಬೇಕೆಂದು ಹಟ ಹಿಡಿದಳು. ಧ್ವನಿಮುದ್ರಣದ ದಿನ ಮೈಕಿನ ಮುಂದೆ ನಿಂತು ಹೊರಗಿನ ಬೀಗದ ಸಂಗತಿಯನ್ನೂ ಒಂಬತ್ತು ಹೆಸರನ್ನೂ ಹೇಳಿದಳು. ಅದೇ ಆ ಎರಡು ನಿಮಿಷ. ಅದು ಟೇಪಿಗೆ ಬಿದ್ದೇ ಇಲ್ಲವೆಂದು ಅವಳಿಗೆ ಅವತ್ತೇ ಹೇಳಿ ಕಳಿಸಿದ್ದರು.

ಈಗ ಅವಳು ನಮ್ಮೆಲ್ಲರ ನೂಲಜ್ಜಿ. ಎಪ್ಪತ್ತನಾಲ್ಕು ವರ್ಷ, ಎದೆಯಲ್ಲಿ ಹತ್ತಿಯ ಧೂಳು, ತಲೆಯಲ್ಲಿ ಮರೆವು. ಒಂಬತ್ತರಲ್ಲಿ ಐದು ಹೆಸರು ಮಾತ್ರ ಉಳಿದಿವೆ. ಹಳೆಯ ಹಾಡುಗಳ ಹಿಂದಿನ ಕಥೆ ಹೇಳುವ ನನ್ನ ಕಾರ್ಯಕ್ರಮಕ್ಕೆ ಶುಕ್ರವಾರ ಸಂಜೆ ಐದಕ್ಕೆ ಬರಲು ಒಪ್ಪಿದ್ದಳು. ಮಾತು ಸಿಕ್ಕಿದೆ ಎಂದು ಹೇಳಿದಾಗ ನನ್ನ ಕೈ ಬಿಡಲೇ ಇಲ್ಲ. "ಒಂಬತ್ತೂ ಕೇಳಿಸ್ಬೇಕು ಮಗಾ. ಆಮೇಲೆ ಈ ಮರೆವು ಏನು ಬೇಕಾದ್ರೂ ತಗೊಂಡು ಹೋಗ್ಲಿ."

ಹೆಸರುಗಳನ್ನು ಬರೆದುಕೊಂಡಿದ್ದೆಯಾ ಎಂದು ಭಂಡಾರಿಯನ್ನು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಟೇಪಿನಲ್ಲೇ ಇತ್ತಲ್ಲ, ಬುಧವಾರ ಪ್ರತಿ ತೆಗೆಯುವುದಿತ್ತಲ್ಲ.

ನಾನು ಚಿಕ್ಕಮ್ಮನಿಗೆ ಫೋನು ಮಾಡಿದೆ.

ಚಿಕ್ಕಮ್ಮ ನಿವೃತ್ತ ಕಾರ್ಖಾನೆ ತಪಾಸಣಾಧಿಕಾರಿ. ಮೂವತ್ತು ವರ್ಷ ತುರ್ತು ಬಾಗಿಲುಗಳ ಬೀಗ ಎಳೆದು ನೋಡಿದಾಕೆ. ಆಕೆಯ ವರದಿಗಳಿಗೆ ಸರ್ಕಾರಿ ಕಪಾಟುಗಳಲ್ಲಿ ಗೆದ್ದಲು ಹಿಡಿದಿದೆ, ಸಿಟ್ಟಿಗೆ ಹಿಡಿದಿಲ್ಲ. ಬಂದವಳೇ ಟೇಪಿನ ತುದಿಯನ್ನು ಬೆಳಕಿಗೆ ಹಿಡಿದಳು. ಹಾಡು ಶುರುವಾಗುವ ಜಾಗದಲ್ಲಿ ಓರೆಯಾದ ಕೊಯ್ತ. ಅಲ್ಲಿಗೆ ಹೊಸ ಬಿಳಿ ಪಟ್ಟಿ ಅಂಟಿಸಿತ್ತು. ಬೆಳಿಗ್ಗೆ ಏನೇನಾಯಿತು, ಯಾರು ಯಾವಾಗ ಏನು ಮುಟ್ಟಿದರು — ಎರಡೆರಡು ಸಲ ಹೇಳಿಸಿದಳು. ಕಾದೆವು ಎಂದದ್ದಕ್ಕೆ, ಎಷ್ಟು ಹೊತ್ತು ಎಂದೂ ಕೇಳಿದಳು.

ಮಂಗಳವಾರ ಊಟದ ಹೊತ್ತಿಗೆ ಭಂಡಾರಿ ಮೇಲೆ ಹೋಗಿದ್ದಳು. ಕೀಲಿ ಗೋಡೆಯ ಮೊಳೆಯಲ್ಲಿತ್ತು. ಆ ಒಂದು ಗಂಟೆಯಲ್ಲಿ ಕೋಣೆಗೆ ಹೋದವರು ಮೂವರು.

ಮೊದಲನೆಯವನು ಗಾಯಕ. ಕಪ್ಪು ಬಳಿದ ಕೂದಲು, ಕೋಣೆಯೊಳಗೂ ಕಪ್ಪು ಕನ್ನಡಕ. ಟೇಪಿನ ಡಬ್ಬಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಇಳಿದು ಹೋಗಿದ್ದನಂತೆ.

"ಹಾಡು ಬರೆದವರು ಯಾರು?" ಚಿಕ್ಕಮ್ಮ ಕೇಳಿದಳು.

"ಹಾಡಿದ್ದು ನಾನು."

"ನಾನು ಅದನ್ನ ಕೇಳ್ಲಿಲ್ಲ."

ಅವನು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡ. "ಅವಳೇ. ಪ್ರೇಮಗೀತೆ ಅಂತ ಹೇಳದಿದ್ರೆ ರೆಕಾರ್ಡು ಹೊರಗೇ ಬರಲ್ಲ ಅಂದ್ರು. ಹೇಳಿದೆ. ಹೇಳ್ತಾ ಹೇಳ್ತಾ ಆ ಹುಡುಗೀನ ಎಲ್ಲೋ ನೋಡಿದ್ದೀನಿ ಅಂತ ನನಗೇ ಅನ್ನಿಸೋಕೆ ಶುರುವಾಯ್ತು." ಟೇಪು ಮುಟ್ಟಿದೆಯಾ ಎಂದದ್ದಕ್ಕೆ, ತನ್ನ ದನಿ ಆ ಸುರುಳಿಯೊಳಗೆ ಯಾವ ಕಡೆಯಿಂದ ಹೋಗುತ್ತದೆಂದೂ ತನಗೆ ಗೊತ್ತಿಲ್ಲ ಎಂದ.

ಎರಡನೆಯವನು ಮುಖ್ಯಸ್ಥ. ಗಿರಣಿ ಮಾಲೀಕನ ಮೊಮ್ಮಗ ಈಗ ಅದೇ ಜಾಗದಲ್ಲಿ ಅಂಗಡಿಗಳ ಸಮುಚ್ಚಯ ಕಟ್ಟಿಸುತ್ತಿದ್ದಾನೆ. ನಮ್ಮ ನಿಲಯದಲ್ಲಿ ಗಂಟೆಗೆ ನಾಲ್ಕು ಸಲ ಅವನ ಜಾಹೀರಾತು. ಕಾರ್ಯಕ್ರಮ ಬೇಡವೆಂದು ಅವನು ಫೋನು ಮಾಡಿದ್ದು ನಿಜ, ನೋಡೋಣ ಎಂದು ತಾನು ಹೇಳಿದ್ದೂ ನಿಜ ಎಂದು ಮುಖ್ಯಸ್ಥ ಒಪ್ಪಿಕೊಂಡ. ಕೆಳಗೆ ಹೋದದ್ದು ಟೇಪು ಹೇಗಿರುತ್ತದೆಂದು ನೋಡಲಂತೆ. ಆ ಯಂತ್ರದ ಪ್ಲಗ್ಗು ಎಲ್ಲಿದೆಯೆಂದೂ ಗೊತ್ತಿಲ್ಲವೆಂದು ಆಣೆ ಹಾಕಿದ.

"ಗೊತ್ತಿಲ್ಲದೆ ಹಾಳು ಮಾಡಿದೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ," ಎಂದಳು ಚಿಕ್ಕಮ್ಮ.

ಮೂರನೆಯವರು ಗುರುಗಳು. ನಲವತ್ತೊಂದು ವರ್ಷದ ಹಿಂದೆ ಆ ಹಾಡನ್ನು ಮುದ್ರಿಸಿದ ಧ್ವನಿ ತಂತ್ರಜ್ಞರು. ನಿವೃತ್ತರಾದರೂ ಯಂತ್ರಕ್ಕೆ ಎಣ್ಣೆ ಹಾಕಲು ಪ್ರತಿ ಮಂಗಳವಾರ ಬರುತ್ತಾರೆ. ಭಂಡಾರಿಗೆ ಕೆಲಸ ಕಲಿಸಿದವರು. ನಾನು ಕೆಲಸಕ್ಕೆ ಸೇರಿದ ದಿನ ನನಗೆ ಹೆಡ್‌ಫೋನ್ ಹಾಕಿದವರು. ಅವರನ್ನು ಪ್ರಶ್ನಿಸುವುದೇ ನನಗೆ ನಾಚಿಕೆಯೆನಿಸಿತು. ಮಾತು ಇತ್ತೋ ಇಲ್ಲವೋ ನೆನಪಿಲ್ಲ ಎಂದರು. "ವಯಸ್ಸಾಯ್ತಮ್ಮ. ಎಷ್ಟು ಹಾಡು, ಎಷ್ಟು ಮಾತು." ಎದ್ದು ಹೋಗುವಾಗ ಮುಖ್ಯಸ್ಥನ ಕೋಣೆಯ ಕಡೆ ಒಮ್ಮೆ ನೋಡಿ ನಿಟ್ಟುಸಿರಿಟ್ಟರು. ನಾನು ಅರ್ಥ ಮಾಡಿಕೊಂಡೆ. ಆ ಫೋನು, ಆ ಜಾಹೀರಾತು — ಇನ್ನೇನು ಬೇಕು?

ಗುರುವಾರ ಚಿಕ್ಕಮ್ಮ ನೂಲಜ್ಜಿಯ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ ಬಂದಳು. ಮಾತು ಟೇಪಿಗೆ ಬಿದ್ದಿಲ್ಲ ಅಂತ ನಿಮಗೆ ಹೇಳಿದವರು ಯಾರು? ಗಾಜಿನ ಆಚೆ ಕೂತಿದ್ದವರು, ಎಂದಿದ್ದಳಂತೆ ಅಜ್ಜಿ. ಪಾಪ, ಒಳ್ಳೆಯವರು, ಕುಡಿಯೋಕೆ ನೀರು ಕೊಟ್ಟರು.

ಶುಕ್ರವಾರ ನಾಲ್ಕು ಗಂಟೆ. ಸ್ಟುಡಿಯೋದ ಹೊರಕೋಣೆಯಲ್ಲಿ ಮೂವರೂ ಇದ್ದರು. ಭಂಡಾರಿ ಬಾಗಿಲ ಬಳಿ ಇದ್ದಳು, ನೂಲಜ್ಜಿ ಕುರ್ಚಿಯಲ್ಲಿ.

"ಬುಧವಾರ ಎಲ್ಲರೂ ಕಾದಿರಿ," ಚಿಕ್ಕಮ್ಮ ಶುರು ಮಾಡಿದಳು. "ಮೂರು ನಿಮಿಷ. ಯಾಕೆ ಕಾಯ್ಬೇಕಾಯ್ತು?"

ಭಂಡಾರಿಯೇ ಉತ್ತರ ಕೊಟ್ಟಳು. ಓಡಿಸಿದ ಟೇಪನ್ನು ಹಿಂದಕ್ಕೆ ಸುತ್ತದೆ, ಕೊನೆ ಹೊರಗಿರುವಂತೆಯೇ ಎತ್ತಿಡುವುದು ಈ ಕಸುಬಿನ ರೂಢಿ. ಇಲ್ಲದಿದ್ದರೆ ವರ್ಷಗಟ್ಟಲೆ ಕೂತಾಗ ಒಂದು ಪದರದ ದನಿ ಇನ್ನೊಂದು ಪದರಕ್ಕೆ ಅಂಟುತ್ತದೆ. ಹಾಗಾಗಿ ಕೇಳುವ ಮುಂಚೆ ಪ್ರತಿ ಸಲ ಮೊದಲಿಗೆ ಸುತ್ತಿಕೊಳ್ಳಬೇಕು.

"ಅಂದ್ರೆ ಹಾಡಿನ ಕೊನೆ ಹೊರಗಿತ್ತು, ಮೊದಲು ಸುರುಳಿಯ ಹೊಟ್ಟೆಯಲ್ಲಿತ್ತು. ತಿಳಿಯದವನು ಕೈ ಹಾಕಿದ್ರೆ ಹೊರಗಿನ ತುದಿ ಕತ್ತರಿಸ್ತಿದ್ದ — ಹಾಡಿನ ಬಾಲ ಹೋಗ್ತಿತ್ತು, ಮಾತು ಉಳೀತಿತ್ತು. ಹೇಗೋ ಮೊದಲಿನ ತುದಿ ಹುಡುಕಿದ್ರೂ, ಕತ್ತರಿಸಿ ಹಾಗೇ ಡಬ್ಬಿಗೆ ಹಾಕ್ತಿದ್ದ. ಆಗ ಬುಧವಾರ ಯಾರೂ ಕಾಯ್ಬೇಕಾಗಿರಲಿಲ್ಲ. ಈ ಕಳ್ಳ ಸುತ್ತಿದ, ಕೊಯ್ದ, ಪಟ್ಟಿ ಅಂಟಿಸಿದ. ಆಮೇಲೆ ಇಡೀ ಟೇಪನ್ನ ಮತ್ತೆ ಓಡಿಸಿ, ಕೊನೆ ಹೊರಗೆ ಬರೋ ಹಾಗೆ ಇಟ್ಟ. ಕದಿಯುವಾಗಲೂ ಟೇಪು ಕೆಡಬಾರದು ಅಂತ ಕೈಗೆ ಅನ್ನಿಸ್ತು. ಈ ರೂಢಿ ಗೊತ್ತಿರೋರು ಇಲ್ಲಿ ಇಬ್ಬರೇ. ಇವಳು ಕದಿಯೋದಾದ್ರೆ, ಮಾತು ಇದೆ ಅಂತ ನಮಗೆ ಹೇಳ್ಬೇಕಾಗೇ ಇರಲಿಲ್ಲ."

ಆಕೆ ಗುರುಗಳ ಕಡೆ ತಿರುಗಿದಳು. "ತಪ್ಪು ಮಾಡಿ ಸಿಕ್ಕಿಬೀಳ್ತಾರೆ ಜನ. ನೀವು ಸರಿಯಾಗಿ ಮಾಡಿ ಸಿಕ್ಕಿಬಿದ್ರಿ."

ಗುರುಗಳು ಅಲ್ಲಗಳೆಯಲಿಲ್ಲ. ಅವರು ಹೇಳಿದ್ದಿಷ್ಟು: ಮಾತು ಶುರುವಾಗುವ ಮುಂಚೆ ಅಜ್ಜಿ, ಯಂತ್ರ ಓಡ್ತಾ ಇದೆಯಾ ಎಂದು ಕೇಳಿದ್ದಳು. ಓಡ್ತಾ ಇದೆ, ಹೇಳಮ್ಮ ಎಂದು ಅವರೇ ಉತ್ತರಿಸಿದ್ದರು. ಆ ದನಿಯೂ ಟೇಪಿನಲ್ಲಿತ್ತು. ಗಿರಣಿಯವರು ಅವತ್ತೇ ಹೇಳಿಕೊಟ್ಟಿದ್ದಂತೆ ಅಜ್ಜಿಗೆ ಸುಳ್ಳು ಹೇಳಿದರು; ಮರುವಾರ ಬೆಂಕಿಯ ವಿಚಾರಣೆಗೆ ಕರೆಸಿದಾಗಲೂ, ಯಾವ ಮಾತೂ ಮುದ್ರಣವಾಗಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಬೀಗದ ವಿಷಯ ಅಲ್ಲಿಗೇ ಮುಚ್ಚಿಹೋಯಿತು. ಟೇಪನ್ನು ಅಳಿಸಲು ಕಸುಬು ಬಿಡಲಿಲ್ಲ. ಎಂದೋ ಯಾರೋ ಕೇಳುತ್ತಾರೆಂದು ಊಹಿಸಿರಲಿಲ್ಲ.

"ಕತ್ತರಿಸಿದ ತುಂಡು ಎಲ್ಲಿ?"

"ಸುಟ್ಟೆ."

ಅದನ್ನೂ ಬೆಂಕಿಗೇ ಹಾಕಿದರು. ನೂಲಜ್ಜಿ ಅವರನ್ನೇ ನೋಡುತ್ತಿದ್ದಳು. "ನನ್ನ ದನಿ ಸಣ್ಣದಿತ್ತು, ಅದಕ್ಕೇ ಬೀಳಲಿಲ್ಲ ಅಂದ್ಕೊಂಡಿದ್ದೆ," ಎಂದಳು. "ಇಷ್ಟು ವರ್ಷ ನನ್ನೇ ಬೈಕೊಂಡೆ."

ಗುರುಗಳು ಮುಖ ಮುಚ್ಚಿಕೊಂಡರು. ಚಿಕ್ಕಮ್ಮ ಅವರಿಗೆ ಅಳುವ ಪುರುಸೊತ್ತು ಕೊಡಲಿಲ್ಲ.

"ಕತ್ತರಿಸೋ ಮುಂಚೆ ಎಷ್ಟು ಸಲ ಕೇಳಿದ್ರಿ?"

"ಮೂರು ಸಲ."

"ಹಾಗಾದ್ರೆ ಹೆಸರು ನಿಮ್ಮ ಕಿವೀಲಿವೆ. ಮೈಕಿನ ಮುಂದೆ ಕೂತ್ಕೊಳ್ಳಿ. ನೀವು ಏನು ಮಾಡಿದ್ರಿ ಅನ್ನೋದರಿಂದ ಶುರು ಮಾಡಿ."

ಮುಖ್ಯಸ್ಥ, ಜಾಹೀರಾತಿನವರು ಎಂದು ಏನೋ ಶುರು ಮಾಡಿದ. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ ಗಾಯಕ ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿದ.

ಐದು ಗಂಟೆಗೆ ಕೆಂಪು ದೀಪ ಹತ್ತಿತು. ಗುರುಗಳು ತಮ್ಮ ಸುಳ್ಳನ್ನು ಹೇಳಿದರು, ಪೂರ್ತಿ. ಆಮೇಲೆ ಅಜ್ಜಿ ಐದು ಹೆಸರು ಹೇಳಿದಳು. ಉಳಿದವುಗಳಲ್ಲಿ ಗುರುಗಳು ಮೂರು ಹೇಳಿದರು. ಒಂದೊಂದು ಬಂದಾಗಲೂ ಅಜ್ಜಿ ಹೂಂ, ಹೂಂ ಎಂದು ಮೇಜನ್ನು ಸವರಿದಳು. ಎಂಟಾಯಿತು. ಒಂಬತ್ತನೆಯದಕ್ಕೆ ಇಬ್ಬರೂ ತಡೆದು ನಿಂತರು. ಟೇಪಿನಲ್ಲಿ ಆ ಹೆಸರು ಹೇಳುವಾಗ ಅಜ್ಜಿ ಅತ್ತುಬಿಟ್ಟಿದ್ದಳು, ಮೂರು ಸಲ ಕೇಳಿದರೂ ತನಗೆ ತಿಳಿಯಲಿಲ್ಲ ಎಂದರು ಗುರುಗಳು.

ನೇರ ಪ್ರಸಾರದಲ್ಲಿ ಮೌನ. ಹಾಡು ಹಾಕು, ಹಾಡು ಹಾಕು ಎಂದು ಮುಖ್ಯಸ್ಥ ಗಾಜಿನಾಚೆಯಿಂದ ಕೈಸನ್ನೆ ಮಾಡಿದ. ನಾನು ಗುಂಡಿಯಿಂದ ಕೈ ತೆಗೆದೆ.

ಅಜ್ಜಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ನನ್ನ ಪಕ್ಕದ ಯಂತ್ರದವಳು," ಎಂದಳು. "ಎಡಗೈಯವಳು. ಎಳೆ ತುಂಡಾದ್ರೆ ನಮ್ಮೆಲ್ಲರಿಗಿಂತ ಬೇಗ ಗಂಟು ಹಾಕ್ತಿದ್ಲು. ಅವಳಿಗೆ ಒಂದು ಮಗು ಇತ್ತು, ಇನ್ನೂ ನಡೆಯೋಕೆ ಬರ್ತಿರಲಿಲ್ಲ. ಆ ಮಗು ಈಗ ಎಲ್ಲಾದ್ರೂ ಕೇಳ್ತಾ ಇದ್ರೆ — ನಿಮ್ಮಮ್ಮನ ಹೆಸರು ಏನಪ್ಪ? ಹೇಳು. ನಾವು ಇಲ್ಲೇ ಕೂತಿರ್ತೀವಿ."