ಪೆಟ್ರೋಲ್ ಪೈಪಿಗೆ ಬಾಯಿಟ್ಟವನು

"ಬೇರೆ ಏನ್ ಬೇಕಾದ್ರೂ ಬಿಚ್ಚಪ್ಪ. ಆ ಪೆಟ್ರೋಲ್ ಪೈಪ್‌ಗೆ ಮಾತ್ರ ಬಾಯಿ ಇಡ್ಬೇಡ."

ಗೌರಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತು ಮೂರನೇ ಸಲ ಹೇಳಿದರು. ಒಳಗೆ ಕಾಲಿಡಲಿಲ್ಲ. ಮುಬೀನ್ ಹಳೇ ಕಪ್ಪು ಕಾರಿನ ಬಾನೆಟ್ ಎತ್ತುತ್ತಾ ನಕ್ಕ.

"ಪೆಟ್ರೋಲ್ ರುಚಿ ನೋಡ್ದೆ ಯಾವ ಮೆಕ್ಯಾನಿಕ್ ತಾನೇ ಕೆಲ್ಸ ಕಲ್ತಿದಾನೆ ಅಮ್ಮಾ? ಏನ್, ದೆವ್ವ ಕೂತಿದ್ಯಾ ಅದ್ರಲ್ಲಿ?"

"ಮಾಟ ಮಾಡ್ಸಿದಾರೆ. ಲೇಔಟ್‌ಗೆ ಜಮೀನು ಕೊಟ್ಟಾಗ ಪಾಲು ಸಿಗ್ಲಿಲ್ಲ ಅಂತ ದಾಯಾದಿಗಳು ಮಾಡ್ಸಿದ್ದು."

"ಪರವಾಗಿಲ್ಲ, ನಿಮ್ಮೂರ ಮಾಟಗಾರರಿಗೆ ಮೆಕ್ಯಾನಿಕ್ ಕೆಲ್ಸಾನೂ ಬರುತ್ತೆ ಅನ್ನಿ."

ಆಕೆ ಏನೋ ನೆನಪಾದವರಂತೆ ಸೆರಗು ಬಿಗಿದು ಮನೆಯೊಳಕ್ಕೆ ಓಡಿದರು. ಮುಬೀನನಿಗೆ ಅದೂ ತಮಾಷೆಯಾಗಿಯೇ ಕಂಡಿತು. ಅವನು ತಣಿಸಂದ್ರಕ್ಕೆ ಬಂದು ಗ್ಯಾರೇಜು ಹಾಕಿ ಮೂರು ತಿಂಗಳಾಗಿತ್ತಷ್ಟೆ. ಯಶವಂತಪುರದ ರಹಮತುಲ್ಲಾ ಉಸ್ತಾದರ ಕೈಕೆಳಗೆ ಹದಿನೈದು ವರ್ಷ ಪಳಗಿದವನಿಗೆ ತನ್ನ ಕೈಗೆ ಬಗ್ಗದ ಎಂಜಿನ್ ಇಲ್ಲವೆಂಬ ಕೊಬ್ಬು ಸ್ವಲ್ಪ ಇತ್ತು. ಗೌರಮ್ಮನ ಮಗ ಗೋಪಿ ಹೆಬ್ಬಾಳದಿಂದ ಫೋನ್ ಮಾಡಿ, ಎಂಟು ವರ್ಷದಿಂದ ಶೆಡ್ಡಿನಲ್ಲಿ ಕೊಳೆಯುತ್ತಿರುವ ಅಪ್ಪನ ಕಾರನ್ನು ಓಡೋ ಹಾಗೆ ಮಾಡಿಕೊಡು ಎಂದಿದ್ದ. ಅಮ್ಮನ ಮಾತಿಗೆ ತಲೆ ಕೆಡಿಸ್ಕೋಬೇಡ ಗುರು, ಎಂದೂ ಸೇರಿಸಿದ್ದ.

ಹೊರಗೆ ಮಟಮಟ ಮಧ್ಯಾಹ್ನ. ಎದುರಿನ ಅಪಾರ್ಟ್‌ಮೆಂಟುಗಳ ಗಾಜು ಕಣ್ಣು ಕುಕ್ಕುತ್ತಿತ್ತು. ಶೆಡ್ಡಿನೊಳಗೆ ಮಾತ್ರ ಬೆಳಕು ಬಾಗಿಲಿನಿಂದ ಎರಡು ಮಾರು ಬಂದು ನಿಂತುಬಿಟ್ಟಿತ್ತು. ಇಲಿ ಹಿಕ್ಕೆ, ಕೊಳೆತ ನಿಂಬೆಹಣ್ಣು, ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ.

ಹಳೇ ಪೆಟ್ರೋಲ್ ಇಳಿಸಿ ಹೊಸದು ತುಂಬಿದ. ಹೊಸ ಬ್ಯಾಟರಿ ಕೂರಿಸಿದ. ಸೆಲ್ಫ್ ಹೊಡೆದರೆ ಕಾರು ಮೊದಲ ಏಟಿಗೇ ಸ್ಟಾರ್ಟ್ ಆಯಿತು. ಸದ್ದು ಕೇಳಿಯೇ ಅವನ ಮುಖ ಅರಳಿತು. ಆದರೆ ನಲವತ್ತು ಎಣಿಸುವಷ್ಟರಲ್ಲಿ ಯಾರೋ ಕುತ್ತಿಗೆ ಹಿಚುಕಿದ ಹಾಗೆ ಎಂಜಿನ್ ಬಿಕ್ಕಿ ನಿಂತಿತು. ಅದೇ ಕ್ಷಣ ಗೋಡೆಯಾಚೆಯಿಂದ ದಪ್ ದಪ್ ಎಂದು ಅಂಗೈಯಲ್ಲಿ ತಟ್ಟುವ ಸದ್ದು, ಅದರ ಹಿಂದೆಯೇ ಯಾರೋ ಉಸಿರನ್ನು ಉದ್ದಕ್ಕೆ ಎಳೆದುಕೊಂಡ ಸದ್ದು ಬಂತು.

"ನಮ್ಮೆಜಮಾನ್ರು," ಎಂದರು ಬಾಗಿಲಿಗೆ ಮರಳಿದ ಗೌರಮ್ಮ. "ನಲವತ್ತು ಉಸಿರಿಗೆ ಒಂದ್ಸಲ ನಿಂತೋಗುತ್ತೆ. ಎದೆ ತಟ್ಟಿದ್ರೆ ಬರುತ್ತೆ. ಹಗಲು ನಾನು, ರಾತ್ರಿ ನರ್ಸು. ಎಂಟು ವರ್ಷದಿಂದ ಇಂಗೇ."

ಮುಬೀನನಿಗೆ ಪಾಪ ಅನ್ನಿಸಿತು. ಹಾಗನ್ನಿಸಿತೇ ಹೊರತು ಎಂಜಿನ್ನಿಗೂ ಆ ಉಸಿರಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಪ್ಲಗ್ ಬಿಚ್ಚಿ ನೋಡಿದ, ಕಿಡಿ ನೀಲಿಯಾಗಿ ಚೆನ್ನಾಗಿಯೇ ಬರುತ್ತಿತ್ತು. ಕಾರ್ಬುರೇಟರ್ ತೊಳೆದ. ಗಾಳಿ ಆಡಲೆಂದು ಟ್ಯಾಂಕಿನ ಮುಚ್ಚಳ ತೆಗೆದಿಟ್ಟ. ಪ್ರತಿ ಸಲವೂ ಸ್ಟಾರ್ಟ್, ಪ್ರತಿ ಸಲವೂ ನಲವತ್ತಕ್ಕೆ ಬಂದ್. ಕೊನೆಗೆ ಉಸ್ತಾದರಿಗೆ ಫೋನ್ ಮಾಡಿದ.

"ಪಂಪ್ ಹೋಗಿರ್ಬೇಕು ಬೇಟಾ. ನಾನೇ ತರ್ತೀನಿ, ಹೆಬ್ಬಾಳ ಫ್ಲೈಓವರ್ ಹತ್ರಾನೇ ಇದೀನಿ. ಅಷ್ಟರಲ್ಲಿ ಪೈಪ್ ಊದಿ ನೋಡು."

ಪೈಪ್ ಊದುವುದು ಉಸ್ತಾದರು ಮೊದಲ ದಿನವೇ ಕಲಿಸಿದ ವಿದ್ಯೆ. ಪೈಪಿನ ತುದಿ ಬಿಚ್ಚಿ ಬಾಯಲ್ಲಿ ಊದಿದರೆ ಹಿಂದೆ ಟ್ಯಾಂಕಿನಲ್ಲಿ ಗುಳುಗುಳು ಅನ್ನಬೇಕು. ಅಂದರೆ ದಾರಿ ಸರಿಯಿದೆ ಅಂತ.

ಗೌರಮ್ಮ ಒಳಗೆ ಹೋಗಿದ್ದರು. ಮುಬೀನ್ ಪೈಪ್ ಬಿಚ್ಚಿ, ಅಂಗಿಯಲ್ಲಿ ಒರೆಸಿ, ಬಾಯಿಗಿಟ್ಟು ಊದಿದ.

ಗುಳುಗುಳು ಕೇಳಲಿಲ್ಲ.

ಪೈಪು ಎಳೆಯಿತು. ಅವನು ಊದುವುದನ್ನು ನಿಲ್ಲಿಸಿದ. ಅದು ನಿಲ್ಲಿಸಲಿಲ್ಲ. ತುಟಿ ಅಂಟಿಕೊಂಡಿತು. ನಾಲಿಗೆಗೆ ಬೂದಿ ತಗುಲಿತು, ಆಮೇಲೆ ಕೂದಲು. ಎದೆಯಲ್ಲಿದ್ದ ಗಾಳಿಯೆಲ್ಲ ಹೋಯಿತು. ಇನ್ನೂ ಎಳೆಯಿತು. ಕಣ್ಣು ಕತ್ತಲಿಟ್ಟಿತು. ಕೈಯಲ್ಲಿ ಜಗ್ಗಿದ. ಬಿಡಲಿಲ್ಲ. ಮಗಳು ಜೋಯಾ ನೆನಪಾದಳು. ಬಿಟ್ಟಿತು.

ಅವನು ನೆಲಕ್ಕೆ ಬಿದ್ದಾಗ ಮನೆಯೊಳಗೆ ಯಾರೋ ಗಟ್ಟಿಯಾಗಿ ಕೆಮ್ಮಿದರು.

"ಗೌರೀ, ಒಂದ್ ಲೋಟ ನೀರ್ ಕೊಡೇ."

ಗೌರಮ್ಮ ಓಡಿಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ಸಂತೋಷವಿತ್ತು. ಮುಬೀನನನ್ನು ಕಂಡು ಅದು ಅಲ್ಲೇ ಸತ್ತುಹೋಯಿತು. "ಬಾಯಿ ಇಟ್ಬಿಟ್ಯಾ?" ಎಂದರು.

ಏನಿಲ್ಲ ಅಮ್ಮಾ, ತಲೆ ಸುತ್ತಿತು ಅಷ್ಟೆ, ಎನ್ನುತ್ತಿದ್ದ. ಅಷ್ಟರಲ್ಲಿ ಉಸಿರು ನಿಂತಿತು. ನೋವಿಲ್ಲ, ಕೆಮ್ಮಿಲ್ಲ. ಮುಂದಿನ ಉಸಿರು ಬರಲಿಲ್ಲ, ಅಷ್ಟೆ. ಬಾಯಿ ತೆರೆದ. ಎದೆ ಕಲ್ಲಾಗಿತ್ತು. ಗೌರಮ್ಮ ಎಂಟು ವರ್ಷ ದಾಟದ ಹೊಸ್ತಿಲು ದಾಟಿ ಬಂದು ಅವನ ಎದೆಗೆ ಬಡಿದರು. ದಪ್. ದಪ್. ಗಾಳಿ ಒಳಗೆ ನುಗ್ಗಿತು.

"ಇದಕ್ಕೇನ್ ದಾರಿ?" ಎಂದು ಅತ್ತ.

"ಇನ್ನೊಬ್ರು ಬಾಯಿಟ್ಟು ಊದ್ಬೇಕು. ನಮ್ಮೆಜಮಾನ್ರು ಇದಕ್ಕೆ ಬಾಯಿಟ್ಟ ದಿನಾನೇ ಒಬ್ಬ ಮಂತ್ರವಾದಿ ನಂಗೂ ಹೇಳಿದ್ದ. ಯಾರ್ ಮಗನ್ನ ಕರೀಲಿ ಅಂತ ಸುಮ್ನಾದೆ."

ಒಳಗಿನಿಂದ ಗಂಡ ಮತ್ತೆ ಕೂಗಿದರು. ಆಕೆ ಕಣ್ಣೊರೆಸಿಕೊಂಡು ಹೋದರು. ಮುಬೀನ್ ತನ್ನ ಉಸಿರನ್ನು ಎಣಿಸಿದ. ಒಂಬತ್ತು. ಹತ್ತು. ಮಲಗಿದರೆ ಯಾರು ತಟ್ಟುತ್ತಾರೆ? ಹೆಂಡತಿ ರುಖ್ಸಾರ್ ಎಷ್ಟು ರಾತ್ರಿ ಎಚ್ಚರ ಇದ್ದಾಳು? ಎರಡು ವರ್ಷದ ಜೋಯಾ ಅವನ ಎದೆಯ ಮೇಲೆಯೇ ಮಲಗುತ್ತಿದ್ದಳು. ಹದಿನಾಲ್ಕು.

ಅಂಗಳದಲ್ಲಿ ಸ್ಕೂಟರ್ ನಿಂತಿತು. ರಹಮತುಲ್ಲಾ ಉಸ್ತಾದರು ಪಂಪಿನ ಡಬ್ಬ ಹಿಡಿದು ಬಂದರು. ಎಪ್ಪತ್ತರ ಮುದುಕ, ಆದರೂ ನಡಿಗೆ ಚುರುಕು.

"ಯಾಕೋ ಇಷ್ಟ್ ಬೆವತಿದೀಯಾ? ಪೈಪ್ ಊದಿದ್ಯಾ?"

ಹತ್ತೊಂಬತ್ತು. ಹೇಳಿಬಿಡಬೇಕೆಂದೇ ಬಾಯಿ ತೆರೆದ.

"ಇಲ್ಲ ಉಸ್ತಾದ್."

"ಅಷ್ಟೂ ನಾನೇ ಮಾಡ್ಬೇಕಾ ನಿಂಗೆ," ಎಂದು ಗದರುತ್ತಾ ಅವರು ಬಗ್ಗಿ ಪೈಪಿಗೆ ಕೈ ಹಾಕಿದರು. ಇಪ್ಪತ್ತೆರಡು. ಗೌರಮ್ಮ ಬಾಗಿಲಿಗೆ ಬಂದರು. ನೋಡಿದರು. ಬೇಡ ಸಾಬ್ರೇ ಎಂದು ಕೂಗಲು ಕೈಯೆತ್ತಿದರು. ಮುಬೀನ್ ಕಾರಿನೊಳಗೆ ಕೈ ಹಾಕಿ ಬೀಗದ ಕೈ ತಿರುಗಿಸಿದ. ಸೆಲ್ಫ್ ಮೋಟಾರು ಕಿರುಚಿತು. ಆಕೆಯ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಲಿಲ್ಲ. ಅವನು ಬೀಗದ ಕೈ ಬಿಡಲಿಲ್ಲ. ಮೂವತ್ತು. ಮೂವತ್ತೊಂದು. ಪೈಪಿಗೆ ಬಾಯಿಟ್ಟ ಉಸ್ತಾದರ ಬೆನ್ನು ನಡುಗಿತು. ಕಾಲು ನೆಲವನ್ನು ಕೆರೆಯಿತು. ಮೂವತ್ತೆಂಟು. ನಲವತ್ತು.

ನಲವತ್ತೊಂದು.

ಅವನು ಬೀಗದ ಕೈ ಬಿಟ್ಟ. ಎದೆ ತಾನಾಗಿ ಏರಿಳಿಯುತ್ತಿತ್ತು. ಬದುಕಿದೆ ಎಂದು ಸಂತೋಷವಾಯಿತು, ಆ ಸಂತೋಷಕ್ಕೆ ಅವನಿಗೇ ಹೇಸಿಗೆಯಾಯಿತು. ಉಸ್ತಾದರು ಚಕ್ರಕ್ಕೊರಗಿ ಬಿದ್ದಿದ್ದರು. ಗೌರಮ್ಮ ಅವರ ಪಕ್ಕ ಕೂತು, ಯಾರನ್ನೂ ಬಯ್ಯದೆ, ಅಂಗೈ ಅಗಲಿಸಿ ಕಾದರು. ಸ್ವಲ್ಪ ಹೊತ್ತಿಗೆ ಬಡಿದರು. ದಪ್. ದಪ್.

ಮುದುಕ ಕಣ್ಣು ಬಿಟ್ಟು ಮೊದಲು ಶಿಷ್ಯನನ್ನು ಹುಡುಕಿದರು. ಪೈಪನ್ನು ಅವನಿಂದ ದೂರ ತಳ್ಳಿದರು.

"ಇದ್ರಲ್ಲಿ ಏನೋ ಇದೆ ಬೇಟಾ. ಸದ್ಯ, ನೀನು ಊದಿರ್ಲಿಲ್ವಲ್ಲ."